ಲಕ್ಕವ್ವ ಸೋತ ವರ್ಷ

ಪಂದ್ಯ ಸೋತ ದಿನ ಲಕ್ಕವ್ವನಿಗೆ ಹಸಿವು ಹೆಚ್ಚು. ಗೆದ್ದ ದಿನ ಒಂದೇ ರೊಟ್ಟಿಗೆ ಕೈ ತೊಳೆಯುತ್ತಿದ್ದವಳು ಸೋತ ದಿನ ಬುಟ್ಟಿಯನ್ನೇ ಹತ್ತಿರ ಎಳೆದುಕೊಂಡು ಕೂರುತ್ತಿದ್ದಳು. ಝುಣಕ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ. ಸುತ್ತಲೂ ನಾವೆಲ್ಲ ಮುಖ ಊದಿಸಿಕೊಂಡು, ಕೆಲವರು ಮೂಗು ಒರೆಸಿಕೊಳ್ಳುತ್ತ ಕುಳಿತಿದ್ದರೆ ಅವಳು ನಿಧಾನವಾಗಿ ರೊಟ್ಟಿ ಮುರಿಯುತ್ತಿದ್ದಳು.

“ಅಳಕೋತ ಉಣ್ಣಬ್ಯಾಡ್ರಿ. ಮೊದಲ ಅತ್ತ ಮುಗಸ್ರಿ, ಇಲ್ಲಂದ್ರ ಮೊದಲ ಉಂಡ ಮುಗಸ್ರಿ. ಎರಡೂ ಕೂಡಿ ಮಾಡಿದ್ರ ಗಂಟಲಾಗ ಸಿಕ್ಕ ಠಸಕಿ ಹತ್ತತೈತಿ.”

ಯಾರಾದರೊಬ್ಬರು ಅಳುತ್ತಲೇ ನಗುತ್ತಿದ್ದರು. ಅಷ್ಟಾದರೆ ಸಾಕು, ಉಳಿದವರ ಕೈಯೂ ತಟ್ಟೆಗೆ ಹೋಗುತ್ತಿತ್ತು.

ಲಕ್ಕವ್ವ ನಮ್ಮ ಬಾಸ್ಕೆಟ್‌ಬಾಲ್ ತಂಡದ ಕ್ಯಾಪ್ಟನ್. ಮುಧೋಳದ ಕಡೆಯ ಒಂದು ಸಕ್ಕರೆ ಕಾರ್ಖಾನೆ ಆ ತಂಡವನ್ನು ಕಟ್ಟಿತ್ತು. ನಮಗೆಲ್ಲ ಕಾರ್ಖಾನೆಯ ಕಚೇರಿಯಲ್ಲಿ ಹೆಸರಿಗೆ ಒಂದು ಕುರ್ಚಿ, ಇರಲು ಎರಡು ಕೋಣೆ, ತಿಂಗಳಿಗೆ ಸಂಬಳ. ಕೆಲಸವೆಂದರೆ ಆಡುವುದು. ಹೆಣ್ಣುಮಕ್ಕಳಿಗೆ ಚೆಂಡು ಆಡುವುದಕ್ಕೂ ಪಗಾರ ಕೊಡುತ್ತಾರೆ ಎಂದರೆ ನಮ್ಮ ಊರುಗಳಲ್ಲಿ ಬಹಳ ದಿನ ಯಾರೂ ನಂಬಲಿಲ್ಲ. ನಾನು ಬನಹಟ್ಟಿಯ ನೇಕಾರರ ಮಗಳು. ನನ್ನಪ್ಪ ಮೊದಲ ತಿಂಗಳ ಸಂಬಳವನ್ನು ಕೈಯಲ್ಲಿ ಹಿಡಿದು, “ಖರೆ ಹೇಳು, ಅಲ್ಲಿ ಏನ ಕೆಲಸಾ ಮಾಡಸತಾರ?” ಎಂದು ಕೇಳಿದ್ದ.

ಲಕ್ಕವ್ವನದು ಬೀಳಗಿ ತಾಲೂಕಿನ ಕುರುಬರ ಮನೆ. ಕೃಷ್ಣೆಯ ದಂಡೆಯಲ್ಲಿದ್ದ ಅವರ ಹಳ್ಳಿ ಆಲಮಟ್ಟಿಯ ಹಿನ್ನೀರಿಗೆ ಹೋಯಿತು. ಮೇಲಿನ ಎರೆ ನೆಲದಲ್ಲಿ ಸರಕಾರ ಹೊಸ ಊರು ಕಟ್ಟಿತು: ಸಾಲು ಮನೆ, ಸಾಲು ನಳ, ಒಂದು ದೊಡ್ಡ ಶಾಲೆ. ಕುರಿ ಮೇಯಿಸಲು ಮಾತ್ರ ಜಾಗವಿರಲಿಲ್ಲ. ಅವಳಪ್ಪ ಮಂದೆಯನ್ನು ಮಾರಿದ. ಅಷ್ಟು ವರ್ಷ ಅಪ್ಪನ ಜೊತೆ ಕುರಿಯ ಹಿಂದೆ ತಿರುಗಿದ ಹುಡುಗಿ ಒಮ್ಮೆಲೆ ಕೆಲಸವಿಲ್ಲದೆ ಕುಳಿತಳು. ಶಾಲೆಯ ಬಯಲಿನಲ್ಲಿ ಎರಡು ಕಬ್ಬಿಣದ ಕಂಬಗಳಿದ್ದವು, ತುದಿಗೆ ಬಳೆಯಂಥ ರಿಂಗು. ಯಾತಕ್ಕೆಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಂದಕ್ಕೆ ಯಾರೋ ಎಮ್ಮೆ ಕಟ್ಟುತ್ತಿದ್ದರು, ಎರಡರ ನಡುವೆ ಹಗ್ಗ ಬಿಗಿದು ಕೌದಿ ಒಣಗಿಸುತ್ತಿದ್ದರು. ಲಕ್ಕವ್ವ ಚಿಂದಿ ಬಟ್ಟೆ ಸುತ್ತಿ ಚೆಂಡು ಮಾಡಿ, ಎಮ್ಮೆಯ ತಲೆಯ ಮೇಲಿಂದ ಹಾಯಿಸಿ ಆ ಬಳೆಯೊಳಗೆ ಎಸೆಯತೊಡಗಿದಳು. ಎಡಗೈಯವಳು. ಆಗಲೇ ಊರಿನ ಗಂಡಸರಿಗಿಂತ ಒಂದು ಗೇಣು ಎತ್ತರ. ಹೊಸದಾಗಿ ಬಂದ ವ್ಯಾಯಾಮ ಶಿಕ್ಷಕರು ಅದನ್ನು ನೋಡಿ, ಎಮ್ಮೆಯನ್ನು ಬಿಚ್ಚಿಸಿ, ಅವಳ ಕೈಗೆ ನಿಜವಾದ ಚೆಂಡು ಕೊಟ್ಟರು.

ಈ ಕಥೆಯನ್ನು ಅವಳು ಹೇಳುವಾಗ ಮುಳುಗಿದ ಊರಿನ ಬಗ್ಗೆ ಒಂದೆರಡು ಮಾತಿಗಿಂತ ಹೆಚ್ಚು ಹೇಳುತ್ತಿರಲಿಲ್ಲ. ಎಮ್ಮೆಯ ಬಗ್ಗೆ ಮಾತ್ರ ಬಹಳ ಹೇಳುತ್ತಿದ್ದಳು. “ಚೆಂಡ ತಲಿ ಮ್ಯಾಲ ಬಿದ್ರೂ ಕದಲತಿದ್ದಿಲ್ಲ. ಅದರಂಥಾ ಡಿಫೆಂಡರ್ ನಾ ಮತ್ತ ನೋಡಿಲ್ಲ.”

ನಾನು ತಂಡಕ್ಕೆ ಸೇರಿದಾಗ ಅವಳಿಗೆ ಇಪ್ಪತ್ತೈದರ ಆಚೀಚೆ ವಯಸ್ಸು. ಅವಳಿಂದ ನಾನು ಕಲಿತ ಮೊದಲ ಪಾಠ ಓಡುವುದಲ್ಲ, ದೂರ ನಿಲ್ಲುವುದು. ಹೊಸಬರೆಲ್ಲ ಚೆಂಡು ಇದ್ದಲ್ಲಿಗೇ ಮುಗಿಬೀಳುತ್ತಿದ್ದೆವು. ಅವಳು ಅಂಕಣದ ಆ ತುದಿಯಿಂದ ಕೂಗುತ್ತಿದ್ದಳು: “ಕುರಿಯಂಗ ಎಲ್ಲಾರೂ ಒಂದ ಕಂಟಿಗೆ ಬಾಯಿ ಹಾಕಿದ್ರ ಹೊಟ್ಟಿ ತುಂಬೂದು ಯಾವಾಗ? ಹರವಿಕೊಂಡ ನಿಲ್ರಿ.” ಪ್ರತಿ ಪಂದ್ಯಕ್ಕೂ ಮೊದಲು ಬೀರೇಶ್ವರನ ಭಂಡಾರದ ಅರಿಶಿನವನ್ನು ಹಣೆಗೆ ಹಚ್ಚಿಕೊಂಡು ಕಣ್ಣು ಮುಚ್ಚುವಳು. ಗೆಲ್ಲಿಸು ಎಂದು ಬೇಡಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಕೇಳಿದರೆ, “ಗೆಲ್ಲೂದು ನಮ್ಮ ಕೆಲಸ. ಯಾರದೂ ಕಾಲ ಮುರಿಯದಂಗ ನೋಡಕೋ ಅಂತ ಅಷ್ಟ ಕೇಳತೇನಿ,” ಎಂದಳು.

ಮೊದಲೆರಡು ವರ್ಷ ಚೆನ್ನಾಗಿಯೇ ಆಡಿದೆವು. ಅದನ್ನು ನಂಬಿ ಕಾರ್ಖಾನೆಯ ಚೇರಮನ್ನರು ಮೂರನೆಯ ವರ್ಷ ನಮ್ಮನ್ನು ದೊಡ್ಡ ಲೀಗಿಗೆ ಸೇರಿಸಿದರು. ಬೆಂಗಳೂರು, ಮೈಸೂರು, ಮಂಗಳೂರುಗಳ ತಂಡಗಳು. ಆ ಹೊತ್ತಿಗೆ ಸರಿಯಾಗಿ ನಮ್ಮ ಇಬ್ಬರು ಒಳ್ಳೆಯ ಆಟಗಾರ್ತಿಯರಿಗೆ ಸರಕಾರಿ ನೌಕರಿ ಸಿಕ್ಕಿತು, ಹೋದರು. ಉಳಿದವರಲ್ಲಿ ಆಟ ಬಲ್ಲವಳೆಂದರೆ ಲಕ್ಕವ್ವ ಒಬ್ಬಳೇ. ಮೊದಲ ಪಂದ್ಯ ಸೋತೆವು, ಎರಡನೆಯದೂ ಸೋತೆವು. ಬೆಂಗಳೂರಿನಲ್ಲಂತೂ ಎಂಥ ಸೋಲೆಂದರೆ, ಕೊನೆಗೆ ಎದುರು ತಂಡದವರು ತಮ್ಮ ಮೀಸಲು ಹುಡುಗಿಯರನ್ನೇ ಆಡಿಸಿದರು. ಅವರ ಕೈಯಲ್ಲೂ ಸೋತೆವು. ಅಲ್ಲಿಂದ ಬಂದ ವಾರವೇ ನಮ್ಮ ಕೋಚ್ ಆರೋಗ್ಯದ ಕಾರಣ ಹೇಳಿ ಕೆಲಸ ಬಿಟ್ಟರು. ಆಡುವ ಜವಾಬ್ದಾರಿಯ ಜೊತೆಗೆ ಆಡಿಸುವ ಜವಾಬ್ದಾರಿಯೂ ಲಕ್ಕವ್ವನ ಮೇಲೆ ಬಿತ್ತು.

ಊರಿನ ಪಂದ್ಯಗಳಿಗೆ ಮೊದಲು ಕಾರ್ಖಾನೆಯ ಕೆಲಸಗಾರರು, ಕಬ್ಬಿನ ಗಾಡಿಯವರು ತುಂಬಿರುತ್ತಿದ್ದರು. ಸೋಲುತ್ತ ಹೋದಂತೆ ಮಂದಿ ಕರಗಿದರು. ಉಳಿದವರಲ್ಲಿ ರನ್ನ ಬೆಳಗಲಿಯ ಒಬ್ಬ ರೈತ, ಬಿಳಿ ಮೀಸೆಯ ಮುದುಕ, ಒಂದು ದಿನ ಎದ್ದು ನಿಂತು ದೊಡ್ಡ ದನಿಯಲ್ಲಿ, “ಮನಿಗಿ ಹೋಗಿ ರೊಟ್ಟಿ ಬಡೀರೇ,” ಎಂದ. ಜನ ನಕ್ಕರು. ಪಂದ್ಯ ಮುಗಿದ ಮೇಲೆ ಲಕ್ಕವ್ವ ಬೆವರು ಒರೆಸಿಕೊಳ್ಳುತ್ತ ಸೀದಾ ಅವನ ಬಳಿಗೆ ಹೋದಳು. ಜಗಳವಾಗುತ್ತದೆಂದು ನಾವೂ ಹಿಂದೆ ಓಡಿದೆವು.

“ಕಾಕಾ, ನಾ ರೊಟ್ಟಿನೂ ಛಲೋ ಬಡೀತೇನ್ರಿ,” ಎಂದಳು. “ಇವತ್ತ ಮುಂಜಾನೆ ಬಡದ ಬಂದೇನಿ. ಆಟಾ ಹೆಂಗಿತ್ತು, ಅದನ್ನ ಹೇಳ್ರಿ.”

ಮುದುಕ ಅವಳ ಮುಖ ನೋಡಲು ಕತ್ತು ಎತ್ತಬೇಕಾಯಿತು. ಮೀಸೆ ಒರೆಸಿಕೊಂಡು, “ಆ ಸಣ್ಣ ಹುಡುಗಿ ಚೆಂಡ ಸಿಕ್ಕಕೂಡ್ಲೆ ಅಂಜತಾಳ,” ಎಂದ. ನನ್ನನ್ನೇ ಹೇಳಿದ್ದು.

“ಖರೆ ಐತ್ರಿ. ಅದನ್ನ ಬಿಡಸಾಕತ್ತೇನಿ. ಮುಂದಿನ ಆಟಕ್ಕ ಬಂದ ನೋಡ್ರಿ.”

ಅವನು ಬಂದ. ಉಳಿದೆಲ್ಲ ಪಂದ್ಯಗಳಿಗೂ ಬಂದ. ಬಯ್ಯುವುದನ್ನು ಬಿಡಲಿಲ್ಲ, ಆದರೆ ಆ ಬಯ್ಗುಳದಲ್ಲಿ ನಿಧಾನವಾಗಿ ನಮ್ಮ ಹೆಸರುಗಳು ಸೇರಿಕೊಂಡವು.

ನನ್ನ ಅಂಜಿಕೆ ಬಿಡಿಸಲು ಲಕ್ಕವ್ವ ದಿನಾ ಬೆಳಗ್ಗೆ ನನ್ನನ್ನು ಒಬ್ಬಳನ್ನೇ ಅಂಕಣಕ್ಕೆ ಕರೆದೊಯ್ಯುತ್ತಿದ್ದಳು. ತಾನು ರಿಂಗಿನ ಕೆಳಗೆ ನಿಂತು ಚೆಂಡು ನನಗೆ ಎಸೆಯುವುದು, ನಾನು ದೂರದಿಂದ ಹೊಡೆಯುವುದು. ಬಿದ್ದರೆ ಏನೂ ಹೇಳುತ್ತಿರಲಿಲ್ಲ, ತಪ್ಪಿದರೂ ಏನೂ ಹೇಳುತ್ತಿರಲಿಲ್ಲ. ಹೊಡೆಯದೆ ಚೆಂಡು ಕೈಯಲ್ಲಿಟ್ಟುಕೊಂಡು ಅನುಮಾನಿಸಿದರೆ ಮಾತ್ರ ಬಯ್ಯುತ್ತಿದ್ದಳು. “ಏನ ವಿಚಾರ ಮಾಡಾಕತ್ತಿ ಬೇ? ಅದೇನ ನಿನ್ನ ಸೀರಿ ಅಂಚಾ, ಬಣ್ಣ ಆರಿಸಾಕ?”

ಲೀಗು ಮುಗಿಯಲು ಒಂದೇ ಪಂದ್ಯ ಬಾಕಿಯಿರುವಾಗ ಚೇರಮನ್ನರು ನಮ್ಮನ್ನು ಕರೆಸಿದರು. ನಾವು ಅದುವರೆಗೆ ಒಂದನ್ನೂ ಗೆದ್ದಿರಲಿಲ್ಲ. ಅವರು ಕೆಟ್ಟ ಮನುಷ್ಯರಲ್ಲ. ಹೇಳುವಾಗ ನಮ್ಮ ಮುಖ ನೋಡಲಾಗದೆ ಮೇಜಿನ ಮೇಲಿನ ಪೇಪರ್‌ವೇಟನ್ನು ತಿರುಗಿಸುತ್ತಿದ್ದರು. ತಂಡವನ್ನು ಈ ಸಲಕ್ಕೆ ಮುಚ್ಚುವುದೆಂದು ತೀರ್ಮಾನವಾಗಿದೆ ಎಂದರು.

ಲಕ್ಕವ್ವ ಕೇಳಿದ್ದು ಒಂದೇ ಮಾತು: “ಕಡೀ ಆಟ ಆಡಸ್ತೀರಿಲ್ರಿ?”

“ಆಡ್ರಿ ಆಡ್ರಿ. ಅದು ನಿಮ್ಮದು.”

ಹೊರಗೆ ಬಂದ ಮೇಲೆ ಎಲ್ಲರೂ ಅತ್ತೆವು. ನಮಗೆಲ್ಲ ಗೊತ್ತಿತ್ತು, ಇನ್ನು ಮನೆಗೆ ಹೋಗುವುದು, ಹೋದರೆ ಮುಂದೆ ಏನು ಎಂಬುದು. ನನಗಾಗಲೇ ಮಹಾಲಿಂಗಪುರದಲ್ಲಿ ಒಂದು ಗಂಡು ನೋಡಿಟ್ಟಿದ್ದರು. ಲಕ್ಕವ್ವನ ಬಗ್ಗೆ ಮಾತ್ರ ನಮಗೆ ಚಿಂತೆಯಿರಲಿಲ್ಲ. ಮೈಸೂರಿನ ತಂಡದ ಕೋಚ್, ಗಂಟಲಿಗೆ ಸದಾ ಮಫ್ಲರ್ ಸುತ್ತಿಕೊಂಡಿರುತ್ತಿದ್ದ ಒಬ್ಬ ಮೇಡಂ, ಅಲ್ಲಿ ಆಡಿದಾಗಲೇ ಅವಳನ್ನು ಎಲ್ಲರೆದುರಿಗೆ ಕರೆದಿದ್ದರು. ಬರುವ ವರ್ಷಕ್ಕೆ ತಮ್ಮಲ್ಲಿ ಒಂದು ಜಾಗ ಇದೆ, ನೌಕರಿಯೂ ಇದೆ, ಬಾ ಎಂದು. ನಮ್ಮ ಕೊನೆಯ ಪಂದ್ಯ ಮುಧೋಳದಲ್ಲಿ, ಅದೇ ಮೈಸೂರಿನವರ ಜೊತೆಗೇ ಇತ್ತು.

ಆ ದಿನ ಜನ ಬಂದಿದ್ದರು. ತಂಡ ಮುಚ್ಚುತ್ತದೆ ಎಂಬ ಸುದ್ದಿ ಹರಡಿತ್ತು. ಬೆಳಗಲಿಯ ಕಾಕಾ ಟ್ರ್ಯಾಕ್ಟರಿನಲ್ಲಿ ಊರಿನ ಹೆಣ್ಣುಮಕ್ಕಳನ್ನೆಲ್ಲ ತುಂಬಿಕೊಂಡು ಬಂದಿದ್ದ. ಅಂಕಣಕ್ಕಿಳಿಯುವ ಮುಂಚೆ ಲಕ್ಕವ್ವ ನನ್ನ ಭುಜ ಹಿಡಿದು ಹೇಳಿದಳು: “ಸುಮಿ, ಇವತ್ತ ನನ್ನ ಮಾರಿ ನೋಡಬ್ಯಾಡ. ಚೆಂಡ ಬಂತು, ಹೊಡಿ. ಅಷ್ಟ.”

ಅವಳು ಅಂದು ಆಡಿದ ಆಟ ವಿಚಿತ್ರವಾಗಿತ್ತು. ಎದುರಿನ ಇಬ್ಬರು ಮೂವರು ಅವಳೊಬ್ಬಳನ್ನೇ ಸುತ್ತುವರಿದರೆ, ಅವಳು ಅವರ ತಲೆಯ ಮೇಲಿಂದ ಚೆಂಡನ್ನು ನನಗೆ ಕಳಿಸುತ್ತಿದ್ದಳು. ತಾನು ಹೊಡೆಯಬಹುದಾದ ಕಡೆಯೂ ನನಗೇ ಕೊಡುತ್ತಿದ್ದಳು. ನಾನು ಹೊಡೆದೆ. ಬಿದ್ದವು. ಮತ್ತೆ ಹೊಡೆದೆ. ಕಾಕಾ ನನ್ನ ಹೆಸರು ಹಿಡಿದು ಏನೇನೋ ಒದರುತ್ತಿದ್ದ. ಇಡೀ ವರ್ಷದಲ್ಲಿ ಮೊದಲ ಸಲ, ನಾವು ಗೆಲ್ಲಬಹುದು ಎಂದು ಎರಡೂ ಕಡೆಯವರಿಗೆ ಅನ್ನಿಸಿತು.

ಕೊನೆಯ ನಿಮಿಷದಲ್ಲಿ ಒಂದು ಅಂಕ ಹಿಂದಿದ್ದೆವು. ಚೆಂಡು ಲಕ್ಕವ್ವನ ಎಡಗೈಯಲ್ಲಿತ್ತು, ರಿಂಗಿನ ಸಮೀಪ, ಅವಳು ಕಣ್ಣು ಮುಚ್ಚಿ ಹಾಕಬಲ್ಲ ಜಾಗದಲ್ಲಿ. ಅವಳು ಎಗರಿದಳು. ಅವಳ ಜೊತೆ ಎದುರಿನವರೂ ಎಗರಿದರು. ಆ ಎತ್ತರದಲ್ಲಿ ಅವಳು ತಿರುಗಿ ಚೆಂಡನ್ನು ನನ್ನತ್ತ ಬಿಟ್ಟಳು. ನನ್ನ ಮುಂದೆ ಯಾರೂ ಇರಲಿಲ್ಲ. ಅನುಮಾನಿಸದೆ ಹೊಡೆದೆ. ಚೆಂಡು ರಿಂಗಿನ ಅಂಚಿನ ಮೇಲೆ ಒಂದು ಸುತ್ತು ತಿರುಗಿ ಹೊರಗೆ ಬಿತ್ತು. ಆಟ ಮುಗಿದ ಸೀಟಿ ಊದಿದರು.

ನಾನು ಅಲ್ಲೇ ನೆಲದ ಮೇಲೆ ಕುಳಿತೆ. ಲಕ್ಕವ್ವ ಬಂದು ತೋಳು ಹಿಡಿದು ಎಬ್ಬಿಸಿದಳು.

“ಛಲೋ ಹೊಡದಿ.”

“ಬೀಳಲಿಲ್ಲಕ್ಕಾ.”

“ಛಲೋ ಹೊಡದಿ ಅಂದ್ನಲ್ಲಾ.”

ಆಗ ಮೈಸೂರಿನ ಮೇಡಂ ನಮ್ಮ ಹತ್ತಿರ ಬಂದರು. ಲಕ್ಕವ್ವನನ್ನು ಮಾತಾಡಿಸಲು ಬಂದಿದ್ದಾರೆಂದು ನಾನು ಪಕ್ಕಕ್ಕೆ ಸರಿದೆ. ಅವರು ನನ್ನ ಕಡೆಗೇ ತಿರುಗಿದರು. “ಅಂಥ ಹೊತ್ತಲ್ಲೂ ನೀನು ಹೆದರದೆ ಹೊಡೆದೆ ನೋಡು, ನಂಗೆ ಅಷ್ಟು ಸಾಕು. ನಮ್ಮಲ್ಲಿಗೆ ಬರ್ತೀಯಾ?” ಎಂದರು. ನಾನು ಲಕ್ಕವ್ವನ ಮುಖ ನೋಡಿದೆ. ಅವಳು ಬಗ್ಗಿ ಬೂಟಿನ ಲೇಸು ಬಿಚ್ಚುತ್ತಿದ್ದಳು.

ನಂತರ ಮೇಡಂ ಅವರಿಂದಲೇ ನನಗೆ ತಿಳಿಯಿತು. ಪಂದ್ಯದ ಹಿಂದಿನ ದಿನ ಮೇಡಂ ಇಳಿದುಕೊಂಡಿದ್ದಲ್ಲಿಗೆ ಲಕ್ಕವ್ವ ಹೋಗಿ, ತನಗೆ ವಯಸ್ಸಾಯಿತು, ಹೆಚ್ಚೆಂದರೆ ಇನ್ನೆರಡು ವರ್ಷ ಆಡಿಯೇನು, ನಮ್ಮಲ್ಲೊಬ್ಬಳು ಸಣ್ಣವಳಿದ್ದಾಳೆ, ನಾಳೆ ಅವಳನ್ನು ನೋಡಿ ಎಂದು ಕೇಳಿಕೊಂಡಿದ್ದಳಂತೆ. “ನೋಡಿ ಅಂದಿದ್ದಳು ಅಷ್ಟೇ. ತಗೊಳ್ಳಿ ಅಂತ ಬೇಡಲಿಲ್ಲ,” ಎಂದರು ಮೇಡಂ.

ಅಪ್ಪ ಕಳಿಸಲು ಒಪ್ಪಲಿಲ್ಲ. ಅದಕ್ಕೂ ಲಕ್ಕವ್ವನೇ ಬನಹಟ್ಟಿಗೆ ಬಂದಳು. ನಮ್ಮ ಮಗ್ಗದ ಮನೆಯ ಬಾಗಿಲಿಗೆ ಹಣೆ ಬಡಿಸಿಕೊಂಡು, ಅದನ್ನು ಉಜ್ಜಿಕೊಳ್ಳುತ್ತ, ಮಗ್ಗದ ಸದ್ದಿನ ಮೇಲೆ ದನಿ ಎತ್ತಿ ಅಪ್ಪನ ಜೊತೆ ಮಾತಾಡಿದಳು. ಅಪ್ಪ ಮಗ್ಗ ನಿಲ್ಲಿಸಲಿಲ್ಲ, ಆದರೆ ಕೇಳುತ್ತಿದ್ದ. ಕೊನೆಗೆ, “ಅಷ್ಟ ಛಲೋ ಜಾಗಾ ಇದ್ರ ನೀ ಯಾಕ ಹೋಗಲಿಲ್ಲ ತಂಗಿ?” ಎಂದು ಕೇಳಿದ.

“ನನಗ ಆ ಕಡೆ ನೀರ ಹಿಡಿಯೂದಿಲ್ಲರಿ ಅಣ್ಣಾರ,” ಎಂದಳು.

ಊರೂರು ತಿರುಗಿ ಎಲ್ಲ ಊರಿನ ನೀರು ಕುಡಿದು ಒಂದು ಸೀನೂ ಸೀನದವಳು ಅವಳು. ಅಪ್ಪ ಮಗ್ಗ ನಿಲ್ಲಿಸಿ ಅವಳಿಗೆ ಚಹಾ ತರಿಸಿದ. ಮುಂದಿನ ವಾರ ನಾನು ಮೈಸೂರಿನ ಬಸ್ಸು ಹತ್ತಿದೆ.

ಬಹಳ ವರ್ಷ ಅಲ್ಲಿ ಆಡಿದೆ. ನೌಕರಿ ಗಟ್ಟಿಯಾಯಿತು, ಅಲ್ಲೇ ಮದುವೆಯೂ ಆಯಿತು. ಲಕ್ಕವ್ವನ ಸುದ್ದಿ ಮೊದಮೊದಲು ಬರುತ್ತಿತ್ತು, ಆಮೇಲೆ ನಿಂತಿತು. ಒಮ್ಮೆ ರಜೆಗೆಂದು ಊರಿಗೆ ಹೊರಟು ಬಾಗಲಕೋಟೆಯಲ್ಲಿ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತೆ. “ಎಲ್ಲಿಗ್ರೀ?” ಎಂದು ಕೇಳಿದ ದನಿಗೆ ತಲೆಯೆತ್ತಿದರೆ, ಖಾಕಿ ಅಂಗಿ ಹಾಕಿಕೊಂಡು, ಬಸ್ಸಿನ ಚಾವಣಿಗೆ ತಾಗದ ಹಾಗೆ ಕತ್ತು ಓರೆ ಮಾಡಿಕೊಂಡು, ಲಕ್ಕವ್ವ ನಿಂತಿದ್ದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು.

“ಬನಹಟ್ಟಿ,” ಎಂದೆ.

“ಗೊತ್ತೈತಿ, ತಗೋ,” ಎಂದು ಟಿಕೆಟ್ ಹರಿದು ಕೈಗಿಟ್ಟಳು. ಎಲ್ಲರ ಟಿಕೆಟ್ ಮುಗಿಸಿ ಬಂದು ನನ್ನ ಪಕ್ಕ ಕುಳಿತಳು. ಮಗಳು ಬೀಳಗಿಯಲ್ಲಿ ಓದುತ್ತಿದ್ದಾಳೆ ಎಂದಳು. ಗಂಡನ ಬಗ್ಗೆ, ಹೊಲದ ಬಗ್ಗೆ ಹೇಳಿದಳು. ನನ್ನ ಮಕ್ಕಳ ಹೆಸರು ಕೇಳಿದಳು. ಬಹಳ ವರ್ಷದಿಂದ ಕೇಳಬೇಕೆಂದಿದ್ದ ಮಾತನ್ನು ನಾನು ಕೇಳಿಯೇಬಿಟ್ಟೆ.

“ಅಕ್ಕಾ, ಅವತ್ತ ಆ ಕಡೀ ಚೆಂಡ ನೀನ ಹೊಡದಿದ್ರ ಗೆಲ್ಲತಿದ್ವಿ.”

“ಗೆಲ್ಲತಿದ್ವಿ.”

“ಮತ್ತ ಯಾಕ ನನಗ ಕೊಟ್ಟಿ? ಅಷ್ಟೊತ್ತಿಗೆ ಆ ಮೇಡಂ ನನ್ನ ನೋಡೇಬಿಟ್ಟಿದ್ರಲ್ಲಾ.”

ಅವಳು ಕಿಟಕಿಯಿಂದಾಚೆ ಕಬ್ಬಿನ ಗದ್ದೆಗಳತ್ತ ನೋಡಿದಳು.

“ನಿನ್ನ ಮುಂದ ಯಾರೂ ಇರಲಿಲ್ಲ. ನನ್ನ ಮುಂದ ಇಬ್ಬರಿದ್ರು. ಆಟ ಅಂದ್ರ ಹಂಗ ಅಲ್ಲಾ? ಯಾರ ಮುಂದ ಖಾಲಿ ಐತಿ ಅವರಿಗೆ ಕೊಡೂದು.” ಆಮೇಲೆ ದನಿ ತಗ್ಗಿಸಿದಳು. “ಆದ್ರ ಸುಮಿ, ಚೆಂಡ ಕೈಬಿಡೂಮುಂದ ಭಾಳ ಸಂಕಟ ಆತು ಬೇ. ನನಗೂ ಗೆಲ್ಲೂ ಆಸೆ ಇತ್ತು. ಅದೊಂದನ್ನಾದರೂ.”

ಲೋಕಾಪುರ ಬಂತು. ಬಸ್ಸು ನಿಲ್ಲುವ ಮೊದಲೇ ಜನ ಬಾಗಿಲಿಗೆ ಜೋತುಬಿದ್ದರು. ಲಕ್ಕವ್ವ ಎದ್ದು, ಕತ್ತು ಓರೆ ಮಾಡಿಕೊಂಡು, “ಒಳಗ ಸರೀರಿ, ಒಳಗ ಜಾಗಾ ಐತಿ,” ಎನ್ನುತ್ತ ಆ ಗದ್ದಲದೊಳಗೆ ಹೋದಳು. ಬನಹಟ್ಟಿಯವರೆಗೂ ಬಸ್ಸು ತುಂಬಿಯೇ ಇತ್ತು. ಅವಳು ಮತ್ತೆ ನನ್ನ ಪಕ್ಕ ಬಂದು ಕೂರಲು ಆಗಲಿಲ್ಲ.