ಗುಜರಿಗೆ ಹೋದ ದೊರೆಯ ಕಾರು

ಬಾಳೆಲೆಯ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಬಿಳಿ ದೊರೆಯೊಬ್ಬನ ಕಾರು ಓಡಿಸುತ್ತಿದ್ದೆ. ಕ್ಯಾನ್ವಾಸಿನ ಹುಡ್ ಇದ್ದ, ಮುಂದೆ ಹ್ಯಾಂಡಲ್ ತಿರುಗಿಸಿ ಎಬ್ಬಿಸಬೇಕಾದ ಹಳೆಯ ಗಾಡಿ. ಒಂದು ದಿನವೂ ಅದು ದಾರಿಯಲ್ಲಿ ಕೈಕೊಟ್ಟದ್ದಿಲ್ಲ. ಎತ್ತುಗಳು ಹಿಂಜರಿಯುವ ಏರನ್ನೂ ಗೊಣಗುತ್ತ ಹತ್ತುತ್ತಿತ್ತು. ದೊರೆ ಎಂದೂ ಸ್ಟೀರಿಂಗ್ ಮುಟ್ಟಿದವನಲ್ಲ. ನಾಯಿಯ ಜೊತೆ ಹಿಂದೆ ಕೂರುತ್ತಿದ್ದ.

ಕೂಲಿಯವರ ಮನೆಸಾಲಿಗೆ ಲೈನು ಅನ್ನುತ್ತಿದ್ದರು; ಅದರ ಕೊನೆಯ ಮನೆಯಲ್ಲಿ ನಾನು ಮತ್ತು ಅವ್ವ ಇದ್ದೆವು. ನಮ್ಮೂರು ಶಿರಂಗಾಲ. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಹಿಂದೆ ಬಂದಿದ್ದಳು. ಒಂದು ಬೇಸಿಗೆ ಅವಳಿಗೆ ಚಳಿಜ್ವರ ಹತ್ತಿತು. ನಾಲ್ಕನೆಯ ದಿನ ಬೆಳಿಗ್ಗೆ ನನ್ನ ಗುರುತೇ ಅವಳಿಗೆ ಸಿಗಲಿಲ್ಲ. ಅವತ್ತು ಬಂಗಲೆಯಲ್ಲಿ ಪಾರ್ಟಿ. ಸೋಡಾ ತರಲು ನಾನು ಹೇಗೂ ವಿರಾಜಪೇಟೆಗೆ ಹೋಗಬೇಕಿತ್ತು. ಆಸ್ಪತ್ರೆಯೂ ಅಲ್ಲೇ.

"ದೊರೆ, ನಮ್ಮವ್ವನ್ನ ಹಿಂದಿನ ಸೀಟಲ್ಲಿ ಮಲಗಿಸ್ಕೊಂಡು ಹೋಗ್ತೀನಿ. ಆಸ್ಪತ್ರೆಗೆ ಬಿಟ್ಟು ಸೋಡಾ ತರ್ತೀನಿ" ಎಂದೆ.

ಅವನು ಚಹಾ ಕುಡಿಯುತ್ತಿದ್ದ. ಕಪ್ಪು ಕೆಳಗಿಡಲಿಲ್ಲ.

"ಲೈನ್ ಜನ ಕಾರಲ್ಲಿ ಇಲ್ಲ. ಸೀಟ್ ಹಾಳು. ಎತ್ತಿನ ಗಾಡಿ ತಗೋ."

ನಾನು ಸುಮ್ಮನೆ ಹೊರಟೆ. ಅದನ್ನು ಮುಚ್ಚಿಡುವುದಿಲ್ಲ. ಗೇಟು ದಾಟಿದ ಮೇಲೆ ಲೈನಿನ ಕಡೆ ತಿರುಗಿಸಿ ಅವಳನ್ನು ಎತ್ತಿ ಮಲಗಿಸಿಕೊಳ್ಳಬಹುದಿತ್ತು. ಕೆಲಸ ಹೋದೀತೆಂದು ಹೆದರಿದೆ. ಅಕ್ಕಪಕ್ಕದವರು ಅವಳನ್ನು ಎತ್ತಿನ ಗಾಡಿಯಲ್ಲಿ ಕರೆದುಕೊಂಡು ಹೊರಟರು. ನಾನು ಹಿಂದಿರುಗುವಾಗ ಗೋಣಿಕೊಪ್ಪದ ಈಚೆ ಆ ಗಾಡಿ ಎದುರಾಯಿತು. ಇಳಿದು ನೋಡಿದರೆ ಅವ್ವನ ಮುಖದ ಮೇಲೆ ಸೆರಗು ಎಳೆದಿದ್ದರು. ನನ್ನ ಕಾರಿನ ಹಿಂದಿನ ಸೀಟಿನ ತುಂಬ ಸೋಡಾ ಬಾಟಲಿಗಳಿದ್ದವು.

ಕೆಲಸ ಬಿಡಲಿಲ್ಲ. ಬಿಟ್ಟಿದ್ದರೆ ಅವನು ಇನ್ನೊಬ್ಬನನ್ನು ಇಟ್ಟುಕೊಂಡು ನನ್ನನ್ನು ಮರೆತುಬಿಡುತ್ತಿದ್ದ. ಎರಡು ವರ್ಷ ಅವನಿಗೆ ಕಾರಿನ ಬಾಗಿಲು ತೆಗೆದೆ, ಸಲಾಂ ಹೊಡೆದೆ, ಸಮಯ ಕಾದೆ.

ಆಮೇಲೆ ಅವನು ಹೊಸ ಕಾರು ತರಿಸಿದ. ಹಳೆಯದರ ಮೇಲೆ ಪಕ್ಕದ ಎಸ್ಟೇಟಿನ ದೊರೆಗೆ ಕಣ್ಣಿತ್ತು. ನಮ್ಮವನು ನನ್ನನ್ನು ವರಾಂಡಕ್ಕೆ ಕರೆಸಿದ.

"ಡ್ರೈವರ್, ಮಾರೋದಾ? ಗುಜರಿಗಾ? ನಿಜ ಹೇಳು."

"ಇಂಜಿನ್ ಒಳಗೆ ಸವೆದು ಹೋಗೈತೆ ದೊರೆ. ಮಾರಿದ್ರೆ ಆ ದೊರೆ ನಾಳೆ ನಿಮ್ಮನ್ನೇ ಬೈತಾರೆ."

ಅವನು ಪೂರ್ತಿ ನಂಬಲಿಲ್ಲ. ಪಕ್ಕದ ದೊರೆಯನ್ನು ಕರೆಸಿದ; ಏರು ಹತ್ತಿಸಿ ತೋರಿಸೆಂದು ಇಬ್ಬರೂ ಹಿಂದೆ ಕೂತರು. ಆ ಕಾಲದ ಗಾಡಿಗಳಲ್ಲಿ ಸ್ಟೀರಿಂಗಿನ ಕೆಳಗೆ, ಇಂಜಿನ್ನಿನ ಕಿಡಿಯನ್ನು ಹಿಂದೆ ಮುಂದೆ ಮಾಡುವ ಒಂದು ಸಣ್ಣ ಕಡ್ಡಿ ಇರುತ್ತಿತ್ತು. ಅದನ್ನು ಹಿಂದಕ್ಕಿಟ್ಟರೆ ಎಂಥ ಇಂಜಿನ್ನೂ ಬಲ ಕಳೆದುಕೊಂಡು ಬಿಸಿಯೇರುತ್ತದೆ. ಏರಿನ ಬುಡದಲ್ಲಿ ನಾನು ಒಂದೇ ಬೆರಳಿನಲ್ಲಿ ಅದನ್ನು ಹಿಂದಕ್ಕೆ ಸರಿಸಿದೆ. ಅರ್ಧ ಏರಿಗೆ ಕಾರು ಕೆಮ್ಮಿತು, ರೇಡಿಯೇಟರ್ ಕುದಿದು ಹಬೆ ಎದ್ದಿತು, ನಿಂತೇ ಹೋಯಿತು. ಪಕ್ಕದ ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ಇಬ್ಬರೂ ಸುಡುವ ಬಿಸಿಲಿನಲ್ಲಿ ಬಂಗಲೆಗೆ ನಡೆದರು. ನಮ್ಮವನ ಕತ್ತು ಕೆಂಪಗಾಗಿತ್ತು. ಅವ್ವ ಹೋದ ಮೇಲೆ ನನಗೆ ಖುಷಿ ಕೊಟ್ಟ ಮೊದಲ ನೋಟ ಅದು.

"ಗುಜರಿ" ಎಂದ, ಮಾರನೆಯ ದಿನ.

ಗೋಣಿಕೊಪ್ಪದಲ್ಲಿ ಕಮ್ಮಾರನಾಗಿದ್ದ ನನ್ನ ಅಕ್ಕನ ಗಂಡ ಬಂದು, ನಾನು ಗುಟ್ಟಾಗಿ ಕೊಟ್ಟ ದುಡ್ಡಿನಲ್ಲಿ ಕಬ್ಬಿಣದ ಬೆಲೆಗೆ ಅದನ್ನು ಕೊಂಡು, ಎತ್ತು ಕಟ್ಟಿ ಎಳೆಸಿಕೊಂಡು ಹೋದ.

"ಏನ್ಲಾ ಕೆಟ್ಟೈತೆ ಇದ್ರಲ್ಲಿ?" ಎಂದು ತನ್ನ ಕುಲುಮೆಯ ಮುಂದೆ ನಿಲ್ಲಿಸಿ ಕೇಳಿದ.

"ಏನೂ ಇಲ್ಲ ಭಾವ. ಹ್ಯಾಂಡಲ್ ತಿರುಗ್ಸಿ ನೋಡು."

ಎರಡನೆಯ ಸುತ್ತಿಗೇ ಕಾರು ಎದ್ದಿತು.

ಎಸ್ಟೇಟಿನ ಕೆಲಸ ಬಿಟ್ಟು ಬಾಳೆಲೆಯಿಂದ ವಿರಾಜಪೇಟೆಗೆ ಅದನ್ನು ಬಾಡಿಗೆಗೆ ಓಡಿಸತೊಡಗಿದೆ. ಬಂಗಲೆಯ ಗೇಟಿನ ಮುಂದೆ ರಸ್ತೆ ಖಾಲಿ ಇದ್ದರೂ ಹಾರನ್ ಒತ್ತುತ್ತಿದ್ದೆ. ಮೂರನೆಯ ದಿನ ದೊರೆ ರಸ್ತೆಗೆ ಅಡ್ಡ ನಿಂತ.

"ಇದು ನನ್ನ ಕಾರ್!"

"ಅಲ್ಲ ದೊರೆ. ನಿಮ್ದು ಗುಜರಿಗೆ ಹೋಯ್ತು. ಇದು ನಂದು."

"ನೀನು ಸುಳ್ಳು ಹೇಳಿದೆ."

"ಹೂಂ, ಹೇಳ್ದೆ. ನೀವು ಸೋಡಾ ತರಕ್ಕೆ ಕಳಿಸಿದ್ರಲ್ಲ, ಅವತ್ತು ನಮ್ಮವ್ವ ದಾರೀಲೇ ಸತ್ತೋದ್ಲು."

ಅವನು ಹುಬ್ಬು ಗಂಟಿಕ್ಕಿ ಯೋಚಿಸಿದ. "ಯಾವ ಸೋಡಾ?" ಎಂದ.

ನಾಟಕವಾಡಲಿಲ್ಲ, ನಿಜವಾಗಿಯೂ ಅವನಿಗೆ ನೆನಪಿರಲಿಲ್ಲ. ಎರಡು ವರ್ಷ ನನ್ನ ನಿದ್ದೆ ಕೆಡಿಸಿದ ಬೆಳಗು ಅವನಿಗೆ ಚಹಾ ಕುಡಿದ ಒಂದು ಬೆಳಗು ಅಷ್ಟೆ. ನಾನು ಗೆದ್ದೆನೆಂದುಕೊಂಡಿದ್ದೆ, ಗೆದ್ದಿರಲಿಲ್ಲ. ಅವನು ಪೊಲೀಸರಿಗೆ ದೂರು ಕೊಡಲಿಲ್ಲ. ಕೊಟ್ಟರೆ ಡ್ರೈವರನಿಂದ ಮೋಸಹೋದನೆಂದು ಕ್ಲಬ್ಬಿನವರೆಲ್ಲ ನಗುತ್ತಾರೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ವರ್ಷದ ಕಕ್ಕಡ ತಿಂಗಳ ಜಡಿಮಳೆಯಲ್ಲಿ, ಸಂತೆ ಮುಗಿಸಿದ ಇಬ್ಬರು ಹೆಂಗಸರನ್ನು ಕೂರಿಸಿಕೊಂಡು ಬರುತ್ತಿದ್ದೆ. ದೊರೆಯ ಹೊಸ ಕಾರು ಕೆಸರಿನಲ್ಲಿ ಅಚ್ಚಿನವರೆಗೆ ಹೂತಿತ್ತು. ಹೊಸ ಡ್ರೈವರ್ ಸನಿಕೆ ತರಲು ಹೋಗಿದ್ದನೋ ಏನೋ, ಅವನೊಬ್ಬನೇ ತೊಯ್ದು ತೊಪ್ಪೆಯಾಗಿ ನಿಂತು ಕೈ ಎತ್ತಿದ. ನಾನು ವೇಗ ತಗ್ಗಿಸಿದೆ. ಅವನು ಬಾಗಿಲಿಗೆ ಕೈ ಹಾಕುವಷ್ಟು ಹತ್ತಿರ ಬಂದಾಗ ಕಾರನ್ನು ಮುಂದೆ ಬಿಟ್ಟೆ.

"ನಿಲ್ಸಣ್ಣ, ದೊರೆ ಅಲ್ವಾ ಅದು?" ಎಂದಳು ಹಿಂದೆ ಕೂತಿದ್ದವಳು.

"ಜಾಗ ಇಲ್ಲಕ್ಕ" ಎಂದೆ.

ಅವಳು ತನ್ನ ಪಕ್ಕದ ಖಾಲಿ ಸೀಟನ್ನೊಮ್ಮೆ ನೋಡಿದಳು. ಆಮೇಲೆ ಸಂತೆಯ ಬುಟ್ಟಿಯನ್ನೆತ್ತಿ ಅದರ ಮೇಲಿಟ್ಟಳು.