ಗಾಜಿಲ್ಲದ ಫೋಟೊ

ಒದ್ದೆ ಕುಂಕುಮದ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಭಕ್ತಿ ಬರುವುದಿಲ್ಲ, ದಿಗಿಲಾಗುತ್ತದೆ. ಬೈಲಹೊಂಗಲದ ನಮ್ಮ ಹಳೆಯ ಮನೆಯಲ್ಲಿ ದೇವರ ಜಗಲಿಯ ಮೇಲೆ ಒಂದು ದಪ್ಪ ರಟ್ಟಿನ ಫೋಟೊ ಒರಗಿರುತ್ತಿತ್ತು. ಅಂಗೈಯಷ್ಟು ಅಗಲ, ಅಂಚಿಗೆ ಮಾಸಿದ ಬಂಗಾರದ ಗೆರೆ. ಬಣ್ಣದ ಪರದೆಯ ಮುಂದೆ, ಸಣ್ಣ ಮೇಜಿಗೆ ಕೈಯೂರಿ ನಿಂತ ರಾಣಿ: ಜರಿಯಂಚಿನ ಸೀರೆ, ಮೂಗಿನಲ್ಲಿ ನತ್ತು, ಏನೋ ಹೇಳಹೊರಟು ತಡೆದಂತಿದ್ದ ತುಟಿ. ಆ ರಾಣಿ ನಮ್ಮ ಅಜ್ಜ. ನಾಟಕ ಕಂಪನಿಯಲ್ಲಿ ಹೆಣ್ಣು ಪಾತ್ರ ಮಾಡುತ್ತಿದ್ದ ಅವರ ಇಂಥ ಫೋಟೊಗಳನ್ನು ಸವದತ್ತಿ, ರಾಮದುರ್ಗದ ಕ್ಯಾಂಪುಗಳಲ್ಲಿ ಡೇರೆಯ ಬಾಗಿಲಲ್ಲೇ ಮಾರುತ್ತಿದ್ದರಂತೆ. ನಾನು ಹುಟ್ಟುವ ಮೊದಲೇ ಅಜ್ಜ ತೀರಿಕೊಂಡರು. ಹಾಗೆ ಫೋಟೊವಾಗಿ ಊರೂರ ಮನೆಗಳಲ್ಲಿದ್ದವರು ಸ್ವಂತ ಮನೆಯಲ್ಲಿ ಉಳಿದದ್ದು ಇದೊಂದರಲ್ಲೇ. ಗಂಡಸಿನ ಉಡುಪಿನ ಫೋಟೊ ಒಂದೂ ಇರಲಿಲ್ಲ.

ತೀರಿದವರ ಫೋಟೊಗೆ ವಿಭೂತಿ ಹಚ್ಚುವುದು ನಮ್ಮಲ್ಲಿ ರೂಢಿ. ಆಯಿ, ಅಂದರೆ ನಮ್ಮ ಅಜ್ಜಿ, ಪ್ರತಿ ಸೋಮವಾರ ಬೆರಳನ್ನು ನೀರಲ್ಲಿ ಅದ್ದಿ ಆ ಹಣೆಗೆ ಕುಂಕುಮ ಹಚ್ಚುತ್ತಿದ್ದಳು. ಗಂಡ ಹೋದ ಮೇಲೆ ಅವಳ ಹಣೆ ಮಾತ್ರ ಖಾಲಿ. ನೆರೆಯ ಹೆಂಗಸರು ಮುಸಿಮುಸಿ ನಕ್ಕರೆ, "ನಗ್ರಿ, ನಗ್ರಿ. ಸೀರಿ ಉಟ್ಟ ನಿಂತಾರ, ಬೋಳ ಹಣೀಲೆ ಹ್ಯಾಂಗ ಇಡ್ಲಿ?" ಎನ್ನುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ಒದ್ದೆ ಬೆರಳಿಗೆ ಅಜ್ಜ ಅಷ್ಟಷ್ಟೇ ಅಂಟಿಕೊಂಡು ಹೋಗುತ್ತಿದ್ದರು. ಮೊದಲು ಹಣೆ ಹೋಯಿತು, ಆಮೇಲೆ ಬಲಹುಬ್ಬು. ಶಾಲೆಯಿಂದ ಬಂದವಳೇ ಪಾಟಿಚೀಲ ಎಸೆದು, ಕಣ್ಣಾದರೂ ಉಳಿದಿದೆಯೋ ಎಂದು ಜಗಲಿಗೆ ಓಡುತ್ತಿದ್ದೆ.

"ಆಯಿ, ಗಾಜ ಹಾಕ್ಸೂಣು," ಎಂದು ಗೋಗರೆದೆ.

"ಗಾಜ ಹಾಕಿದ್ರ ಗಾಜಿಗೆ ಹಚ್ಚಿದಂಗ ಆತು. ಅವರಿಗೆಲ್ಲಿ ಮುಟ್ಟತೈತಿ?"

"ಮಾರಿ ಅಳಿಸಿ ಹೊಂಟೈತಿ, ಆಯಿ."

"ನನಗ ಕಾಣತೈತಿ, ತಗೋ," ಎಂದಳು.

ಅವಳಿಗೆ ಕಾಣುತ್ತಿತ್ತು. ಅವಳು ಹೋದಳು, ಮನೆಯೂ ಹೋಗಿ ಅಲ್ಲಿ ಅಂಗಡಿಸಾಲು ಎದ್ದಿತು, ಫೋಟೊ ನನ್ನ ಪಾಲಿಗೆ ಬಂತು. ಹೋದ ವಾರ ಅದನ್ನು ಕಿತ್ತೂರಿನ ಒಂದು ಸ್ಟುಡಿಯೊಗೆ ಒಯ್ದೆ. ಮುಖವಿದ್ದಲ್ಲಿ, ತುಟಿಯೊಂದನ್ನು ಬಿಟ್ಟರೆ, ಬರೀ ಕೆಂಪು ಕಲೆ. ಸ್ಟುಡಿಯೊದವರು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿ, "ಅಕ್ಕಾರ, ಮಾರೀನ ಇಲ್ಲಲ್ರಿ. ಅವರನ್ನ ಹೋಲೋರ ನಿಮ್ಮ ಮನ್ಯಾಗ ಯಾರರ ಇದ್ರ ಹೇಳ್ರಿ, ಅವರ ಮಾರಿ ಕೂಡಸತೇನಿ," ಎಂದರು. ಯಾರ ಹೆಸರು ಹೇಳಲಿ? ಫೋಟೊದಲ್ಲಾದರೂ ಆ ಮುಖ ಕಂಡ ಮನೆಯವರಲ್ಲಿ ಉಳಿದವಳು ನಾನೊಬ್ಬಳೇ. ಕಣ್ಣು ಮುಚ್ಚಿದೆ. ನತ್ತು ನೆನಪಿಗೆ ಬಂತು, ತುಟಿ ಬಂತು, ಕಣ್ಣು ಬರಲಿಲ್ಲ. ಹೆದರಿಕೆಯಾಗಿ ಫೋಟೊ ಎತ್ತಿಕೊಂಡು ಬಂದುಬಿಟ್ಟೆ.

ಇಂದು ಸೋಮವಾರ. ಇನ್ನೊಮ್ಮೆ ನೀರು ತಾಗಿದರೆ ಉಳಿದ ತುಟಿಯೂ ಹೋದೀತು. ಹಚ್ಚದಿದ್ದರೆ ಆಯಿ ಬೋಳು ಹಣೆಯಲ್ಲಿಡಲು ಒಪ್ಪದವರನ್ನು ನಾನು ಹಾಗೆಯೇ ಇಟ್ಟಂತೆ. ನಿಮ್ಮ ಮನೆಯಲ್ಲೂ ಇಂಥದೊಂದು ಉಳಿದಿದ್ದರೆ ಈ ಸಂಕಟವನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಹಣೆ ಎಲ್ಲಿತ್ತೆಂದು ಒಣ ಬೆರಳಿನಿಂದಲೇ ತಡವಿದೆ. ಒಂದು ಕಡೆ ರಟ್ಟು ಸವೆದು ಸಣ್ಣ ತಗ್ಗಾಗಿತ್ತು. ಬೆರಳ ತುದಿ ಅದರಲ್ಲಿ ಸರಿಯಾಗಿ ಕೂತಿತು. ಅಜ್ಜನ ಮುಖ ಹುಡುಕಹೊರಟವಳಿಗೆ ಸಿಕ್ಕಿದ್ದು ಆಯಿಯ ಬೆರಳು. ಅಲ್ಲಿಂದ ಕೈ ತೆಗೆಯಲು ಮನಸ್ಸಾಗಲಿಲ್ಲ.