ಖಗೋಳಕ್ಕೆ ಎಣ್ಣೆಸ್ನಾನ

ಗೆಳೆಯರೇ, ಈ ಗ್ರಂಥಪಾಲಕನ ಪಾಡು ಕೇಳಿ. ಇಟ್ಟಿಗಿ ಊರಿನ ನಿವೃತ್ತ ಮೇಷ್ಟ್ರು ನಿನ್ನೆಯಷ್ಟೇ ನಮ್ಮ ಹಡಗಲಿ ಗ್ರಂಥಾಲಯಕ್ಕೆ ಕೊಟ್ಟಿದ್ದ, ಕಲ್ಲಚ್ಚಿನ ಕಾಲದ ಅಪರೂಪದ ಖಗೋಳ ಪುಸ್ತಕ ಇಂದು ಬೆಳಿಗ್ಗೆ ಎಣ್ಣೆಯಲ್ಲಿ ಮಿಂದು ಮೇಜಿನ ಮೇಲೆ ಮಿರುಗುತ್ತಿತ್ತು!

“ಏನೋ ಇದು ಬಸಣ್ಣಾ?” ಎಂದು ಕಿರುಚಿದೆ.

ನಮ್ಮ ಜವಾನ ಎದೆಯುಬ್ಬಿಸಿದ. “ಹಳೇ ಪುಸ್ತಕ ಅಲ್ಲೇನ್ರಿ? ನಮ್ಮ ಮುತ್ಯಾ ತಾಳೆಗರಿಗೆ ವರ್ಷಾ ಹಿಂಗ ಎಣ್ಣಿ ಸವರತಿದ್ದ. ಹುಳ ಹತ್ತಂಗಿಲ್ರಿ.”

“ಇದು ಕಾಗದ ಐತಲೇ!”

ಅಷ್ಟರಲ್ಲಿ ಮೇಷ್ಟ್ರೇ ಬಂದುಬಿಟ್ಟರು. ನೋಡಿದವರೇ ಕುಸಿದು ಕೂತರು. “ನಲವತ್ತು ವರ್ಷ ಮನಿ ಮಕ್ಕಳಿಗೂ ಮುಟ್ಟಾಕ ಕೊಟ್ಟಿದ್ದಿಲ್ರಿ…”

ಒಂದು ಹಾಳೆಯನ್ನು ಬೆಳಕಿಗೆ ಹಿಡಿದರು. ಎಣ್ಣೆ ಕುಡಿದ ಕಾಗದ ಗಾಜಿನಂತಾಗಿ, ಸೂರ್ಯನ ಚಿತ್ರದೊಳಗೆ ಹಿಂಬದಿಯ ಚಂದ್ರ ಕಪ್ಪಗೆ ಕೂತಿದ್ದ.

ಇನ್ನು ದುರ್ಬೀನು ಬೇಡ, ಪಂಚಾಂಗವೂ ಬೇಡ. ಪುಟ ತೆರೆದರೆ ಸಾಕು, ನಮ್ಮಲ್ಲಿ ದಿನವೂ ಗ್ರಹಣ.